ಅಡುಗೆಮನೆ ಬಾಗಿಲ ಸ್ಟೂಲು

"ಅಯ್ಯಯ್ಯೋ! ಇದು ಅಸಲಿ ಕೂದಲೇ ಕಣ್ರೇ!"

ಚೀನಾದ ಯಾಂತಾಯ್ ನಗರದ ಹದಿನೇಳನೇ ನಂಬರ್ ಬಸ್ಸಿನಲ್ಲಿ ಅಜ್ಜಿಯೊಬ್ಬಳು ಪಕ್ಕದ ಸೀಟಿನ ವಿದೇಶಿ ಯುವಕನ ಮುಂಗೈ ಕೂದಲನ್ನು ಎಳೆದೇ ನೋಡಿಬಿಟ್ಟಳು. ಹಿಂದೆ ಕುಳಿತವರು ಆಗಲೇ ಮೊಬೈಲ್ ತೆಗೆದು ಫೋಟೊ ಹೊಡೆಯುತ್ತಿದ್ದರು.

ಕಂಬಿ ಹಿಡಿದು ನಿಂತಿದ್ದ ಹುಡುಗಿ ಪೇಲಾನ್‌ಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

"ಅಜ್ಜಿ, ಬಿಡಿ... ಅವರಿಗೂ ನೋವಾಗತ್ತೆ!"

"ಇರ್ಲಿ ಬಿಡಿ," ಎಂದ ಅವನು, ಅಪ್ಪಟ ಯಾಂತಾಯ್ ಧಾಟಿಯಲ್ಲಿ! "ಅಜ್ಜಿಗೆ ಬೇಕಾದ್ರೆ ನಾಲ್ಕು ಕಿತ್ಕೊಂಡು ಹೋಗ್ಲಿ, ನನ್ಹತ್ರ ಬೇಕಾದಷ್ಟಿದೆ."

ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ಅವನೂ ನಕ್ಕ. ಆದರೆ ಆ ಬೂದುಗಣ್ಣುಗಳ ಹಿಂದೆ ಒಂದಿಷ್ಟು ಸುಸ್ತಿತ್ತು. ಅದನ್ನು ಕಂಡವಳು ಪೇಲಾನ್ ಒಬ್ಬಳೇ. ಕಂಡದ್ದೇ ತಡ, ಹುಡುಗಿ ಮನಸ್ಸು ಕಳೆದುಕೊಂಡಳು.

ಅವನ ಹೆಸರು ತಾವಿ. ಎಸ್ಟೋನಿಯಾದವನು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಿಸುವ ಕೆಲಸ.

ಇಬ್ಬರ ಪ್ರೀತಿಗೆ ನೋಡನೋಡುತ್ತ ಮೂರು ವರ್ಷ ತುಂಬಿತು. ಊರು ಅವನನ್ನು ತಲೆಯ ಮೇಲೆ ಹೊತ್ತುಕೊಂಡಿತ್ತು. "ಎಷ್ಟು ಚೆನ್ನಾಗಿ ನಮ್ ಭಾಷೆ ಮಾತಾಡ್ತೀಯಪ್ಪ!" "ಚಾಪ್‌ಸ್ಟಿಕ್ ಹಿಡಿಯೋಕೂ ಬರತ್ತಲ್ಲ!" ಎಂದು ದಿನಕ್ಕೆ ಹತ್ತು ಸಲ ಹೊಗಳುತ್ತಿತ್ತು. ಹನ್ನೊಂದನೇ ಸಲ, "ಊರಿಗೆ ವಾಪಸ್ ಹೋಗೋದು ಯಾವಾಗ?" ಎಂದು ಕೇಳುತ್ತಿತ್ತು!

ಪೇಲಾನ್‌ಳ ಅಮ್ಮ ಶೂಜೆನ್ ಮನೆಯಲ್ಲೂ ಅಷ್ಟೇ. ಅವನು ಬಂದಾಗಲೆಲ್ಲ ಬಾಗಿಲಿಗೆ ಎದುರಾದ ದೊಡ್ಡ ಕುರ್ಚಿ ಅವನಿಗೆ. ಅತಿಥಿ ಮರ್ಯಾದೆಯಂತೆ ತಟ್ಟೆಯಲ್ಲಿ ಮೀನಿನ ತಲೆ ಅವನತ್ತ ತಿರುಗಬೇಕು, ಮೊದಲ ಲೋಟ ಅವನದೇ. ನೀರಿನ ಲೋಟ ಎತ್ತಿಡಲು ಹೋದರೂ, "ಕೂತ್ಕೊಳ್ಳಿ, ಕೂತ್ಕೊಳ್ಳಿ!" ಎಂಬ ಗದ್ದಲ.

ಮದುವೆಯ ಮಾತೆತ್ತಿದಾಗ ಅಮ್ಮ ಹೇಳಿದ್ದು ಒಂದೇ: "ಒಳ್ಳೇ ಹುಡುಗ. ಆದ್ರೆ ಅತಿಥಿ ಕಣೇ. ಅತಿಥಿ ಅಂದ್ಮೇಲೆ ಒಂದಿನ ಎದ್ದು ಹೋಗೋನೇ."

ಆ ಮಾತು ಪೇಲಾನ್ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಈಗ ಕಾರ್ಖಾನೆಯೊಂದಿಗಿನ ಅವನ ಕರಾರು ಮುಗಿಯುತ್ತಿತ್ತು. ಸೋಮವಾರ ಸಹಿ ಹಾಕಿದರೆ ಇನ್ನೂ ಐದು ವರ್ಷ, ಇಲ್ಲವಾದರೆ ವಿಮಾನ. ಭಾನುವಾರ ಮಧ್ಯಾಹ್ನದ ಊಟಕ್ಕೆ ಬಂದು ನಿಮ್ಮಮ್ಮನನ್ನು ನೇರವಾಗಿ ಕೇಳಿಬಿಡುತ್ತೇನೆ ಎಂದಿದ್ದ ತಾವಿ.

ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಪೇಲಾನ್ ತಡವಾಗಿ ಓಡೋಡಿ ಬಂದಳು. ಬಾಗಿಲು ತೆಗೆದು ನೋಡುತ್ತಾಳೆ...

ದೊಡ್ಡ ಕುರ್ಚಿಯಲ್ಲಿ ಸೋದರಮಾವ. ಮೀನಿನ ತಲೆಯೂ ಮಾವನತ್ತಲೇ. ತಾವಿ ಅಡುಗೆಮನೆ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮುದುಡಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ!

"ಏಯ್ ತಾವಿ, ಕೈ ಬೇಗ ಆಡ್ಸೋ! ಹೀಗೆ ಸುಲಿದ್ರೆ ರಾತ್ರಿ ಊಟಾನೇ ಗತಿ!" ಒಳಗಿನಿಂದ ಅಮ್ಮನ ಕೂಗು.

"ಆಯ್ತು ಆಂಟಿ... ಥ್ಯಾಂಕ್ಸ್ ಆಂಟಿ," ಎಂದ ಅವನು, ತಗ್ಗಿದ ದನಿಯಲ್ಲಿ.

ಊಟದುದ್ದಕ್ಕೂ ಹೀಗೇ. ಅಮ್ಮ ಅವನ ಬಟ್ಟಲಿಗೆ ಏನು ಸುರಿದರೂ ಅವನದು ಥ್ಯಾಂಕ್ಸ್. ಒಂದೊಂದು ಥ್ಯಾಂಕ್ಸಿಗೂ ಅಮ್ಮನ ಮುಖ ಇನ್ನಷ್ಟು ಗಂಟು. ಮದುವೆಯ ಮಾತು ಅವನ ಬಾಯಿಂದ ಹೊರಡಲೇ ಇಲ್ಲ. ಕೊನೆಗೆ ಎದ್ದು, ಬಾಗಿ ನಮಸ್ಕರಿಸಿ ಹೊರಟುಬಿಟ್ಟ.

ಪೇಲಾನ್ ಮೆಟ್ಟಿಲವರೆಗೆ ಓಡಿದಳು.

"ಮೂರು ವರ್ಷ ಅತಿಥಿಯಾಗಿದ್ದೆ ಪೇಲಾನ್. ಇವತ್ತು ಅದೂ ಅಲ್ಲ... ನಿಮ್ಮಮ್ಮ ಉತ್ತರ ಕೊಟ್ಟಾಯ್ತು. ನಾಳೆ ಸಹಿ ಹಾಕಲ್ಲ."

ಅವನು ತಿರುಗಿ ನೋಡದೆ ಸಮುದ್ರದ ರಸ್ತೆ ಹಿಡಿದ. ಪೇಲಾನ್ ಕಣ್ಣೀರು ತುಂಬಿಕೊಂಡು ಒಳಗೆ ಬಂದಳು.

"ಯಾಕಮ್ಮ ಹೀಗೆ ಮಾಡ್ದೆ? ಬೇಡ ಅಂತಿದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು! ಕರೆದು ಅವಮಾನ ಮಾಡೋದಾ?"

"ಅವಮಾನನಾ?" ಶೂಜೆನ್ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಅವಮಾನ ಆಗಿದ್ದು ನಂಗೆ ಕಣೇ! ಇವನು ಈ ಮನೆಯವನು ಅಂತ ನಾನೇ ಗಟ್ಟಿ ಮನಸ್ಸು ಮಾಡ್ಕೊಂಡು ಬೆಳ್ಳುಳ್ಳಿ ಕೊಟ್ರೆ, ಆರು ಸಲ ಥ್ಯಾಂಕ್ಸ್ ಅಂದ! ಸ್ವಂತ ಮನೇಲಿ ಯಾರಾದ್ರೂ ಥ್ಯಾಂಕ್ಸ್ ಅಂತಾರಾ? ನಾನು ಹೊರಗಿನವನಾಗೇ ಇರ್ತೀನಿ ಅಂತ ಮುಖಕ್ಕೇ ಹೇಳ್ಬಿಟ್ಟ!"

ಮೀನು ತಿನ್ನುತ್ತಿದ್ದ ಮಾವ ತಲೆಯೆತ್ತಿ ನಕ್ಕ.

"ಆ ಸ್ಟೂಲಿನ ಮೇಲೆ ನಿಮ್ಮಪ್ಪ ಇಪ್ಪತ್ತು ವರ್ಷ ಕೂತಿದ್ನಲ್ಲೇ. ಅವನಿಗೆ ಇವಳ ಇದೇ ಬಾಯಿ ಇನ್ನೂ ಜೋರಾಗಿ ಬೈತಿತ್ತು. ಅತಿಥೀನ ಯಾವಳು ಬೈತಾಳೆ?"

'ಅಯ್ಯೋ ದೇವರೇ... ಇಲ್ಲೇ ಹುಟ್ಟಿ ಬೆಳೆದ ನಂಗೇ ಹೊಳೀಲಿಲ್ವಲ್ಲ!' ಅಮ್ಮನ ಹಳೆಯ ಮಾತಿಗೆ ಹೆದರಿ ಹೆದರಿ ತನ್ನ ಕಣ್ಣೇ ಕುರುಡಾಗಿತ್ತು ಎಂದು ಅವಳಿಗೆ ಈಗ ಅರ್ಥವಾಯಿತು. ಚಪ್ಪಲಿ ಬದಲಿಸುವ ತಾಳ್ಮೆಯೂ ಇರಲಿಲ್ಲ, ಮನೆಯೊಳಗಿನ ಚಪ್ಪಲಿಯಲ್ಲೇ ಓಡಿದಳು.

ತಾವಿ ಕಡಲ ಕಟ್ಟೆಯ ಮೇಲೆ ಕುಳಿತಿದ್ದ. ಗಾಳಿಪಟ ಹಾರಿಸುತ್ತಿದ್ದ ಮುದುಕನೊಬ್ಬ ಅವನ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದ. ಪೇಲಾನ್ ಏದುಸಿರು ಬಿಡುತ್ತಲೇ ಎಲ್ಲವನ್ನೂ ಒದರಿಬಿಟ್ಟಳು. ಅವನು ಬಾಯಿ ತೆರೆದುಕೊಂಡೇ ಕೇಳಿದ.

"ಅಂದ್ರೆ... ಆ ಬೈಗುಳ... ಒಪ್ಪಿಗೆನಾ?"

"ಹೂಂ ದಡ್ಡ! ನೀನು ಥ್ಯಾಂಕ್ಸ್ ಅಂದಿದ್ದೇ ಅವರಿಗೆ ಬೇಡ ಅಂದ ಹಾಗೆ ಕೇಳಿಸ್ತಂತೆ!"

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಮೂರು ವರ್ಷ ನಗುವಿನ ಹಿಂದೆ ಬಚ್ಚಿಟ್ಟಿದ್ದ ದಣಿವೆಲ್ಲ ಆ ಅಂಗೈಗಳಲ್ಲಿ ಇಳಿದು ಹೋಯಿತು.

ಅಷ್ಟರಲ್ಲಿ ಅವಳ ಫೋನು. ಅಮ್ಮನ ದನಿ ಕಟ್ಟೆಗೆಲ್ಲ ಕೇಳುವಂತಿತ್ತು.

"ಸಿಕ್ಕಿದ್ನಾ? ಪಾತ್ರೆ ರಾಶಿ ಬಿದ್ದಿದೆ, ಯಾರು ತೊಳೀತಾರೆ ಅಂತ ಕೇಳೇ ಅವನಿಗೆ!"

ತಾವಿ ಎದ್ದು ನಿಂತ. ಫೋನಿನ ಹತ್ತಿರ ಬಾಗಿ, "ಬಂದೆ... ಅಮ್ಮ," ಎಂದ. ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು, ಫೋನು ಕಟ್ಟಾಯಿತು.

ಅವನು ಪೇಲಾನ್‌ಳ ಕೈ ಹಿಡಿದ.

"ಹೋದ್ರೆ ಚೆನ್ನಾಗಿ ಬೈತಾರೆ, ಅಲ್ವಾ?"

"ಬೈತಾರೆ. ನಾನು ಇಪ್ಪತ್ತೊಂಬತ್ತು ವರ್ಷದಿಂದ ಬೈಸ್ಕೋತಿದ್ದೀನಿ."

"ಇನ್ಮುಂದೆ ಇಬ್ರೂ ಸೇರಿ ಬೈಸ್ಕೊಳ್ಳೋಣ್ವಾ, ಪೇಲಾನ್... ಜೀವನಪೂರ್ತಿ?"

ಅವಳು ಅವನ ತೋಳಿಗೆ ಹಣೆ ಒತ್ತಿದಳು.

"ಹೂಂ... ನಡಿ, ತಡ ಆದ್ರೆ ಇವತ್ತಿಂದಾನೇ ಶುರು."