ವಾಪಸ್ ಬಂದ ಮಾತ್ರೆಗಳು

ಎರಡನೇ ಮಹಡಿಯ ವಾರ್ಡಿನಿಂದ ನೋವಿನ ಮಾತ್ರೆಗಳು ವಾಪಸ್ ಬರತೊಡಗಿದವು. 'ಬೇಕಾದರೆ ಮಾತ್ರ ಕೊಡಿ' ಎಂದು ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಗಳು, ಕವರು ಕೂಡ ಒಡೆಯದೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಇನ್ನೆರಡು ಕೊಡಿ ಎಂದು ಜಗಳ ತೆಗೆದವರನ್ನು ಕಂಡಿದ್ದೇನೆ, ಬೇಡ ಎಂದು ಹಿಂದಿರುಗಿಸಿದವರನ್ನಲ್ಲ. ಮೇಲೆ ಬಂದಿರುವ ಹೊಸ ನರ್ಸ್ ರೋಗಿಗಳನ್ನು ಸತಾಯಿಸುತ್ತಿದ್ದಾಳೆ ಎಂದು ನಾನೇ ತೀರ್ಪು ಕೊಟ್ಟುಕೊಂಡು, ದುಮುಗುಡುತ್ತಾ ಮೆಟ್ಟಿಲು ಹತ್ತಿದೆ.

ಅವಳು ನೆಲಕ್ಕೆ ಮಂಡಿಯೂರಿ ಕುಳಿತು, ಬಿಸಿ ಟವೆಲನ್ನು ಮೊದಲು ತನ್ನ ಮುಂಗೈಗೆ ತಾಗಿಸಿ ನೋಡಿ, ಆಮೇಲೆ ಒಬ್ಬ ಹಿರಿಯರ ಮೊಣಕಾಲಿಗೆ ಸುತ್ತುತ್ತಿದ್ದಳು. ಅವರು ನಿವೃತ್ತ ಬಸ್ ಡ್ರೈವರ್, ಹದಿನೈದು ವರ್ಷದ ಕೀಲುನೋವು.

"ಮಾರ್ಕೆಟ್ ಆಯ್ತು. ಮುಂದಿನ ಸ್ಟಾಪ್?" ಎಂದಳು, ಅವರ ಹಳೇ ರೂಟನ್ನು ನೆನಪಿಸುತ್ತಾ.

"ಹಳೇ ಸೇತುವೆ," ಎಂದರು ಡ್ರೈವರ್, ಕಣ್ಣು ಮುಚ್ಚಿಕೊಂಡೇ. "ನಿಧಾನ ಕಣಮ್ಮ, ಅಲ್ಲೊಂದು ತಿರುವಿದೆ."

ತಿರುವು ಬಂದಾಗ ಅವಳು ಮೊಣಕಾಲನ್ನು ಮೆಲ್ಲಗೆ ಮಡಿಸಿದಳು. ಅವರ ಕೈಗಳು ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸಿದವು.

"ಇವರಿಗೆ ಮಾತ್ರೆ ಯಾಕೆ ಕೊಟ್ಟಿಲ್ಲ?" ನಾನು ಗದರಿದೆ.

"ಬೇಕಾ ಅಂತ ಕೇಳ್ದೆ. ಈಗ ಬೇಡ ಅಂದ್ರು."

"ಯಾಕೆ ಬೇಡ ಅಂದ್ರು?"

ಅವಳು ತಲೆಯೆತ್ತಿದಳು. ಹಣೆಯಲ್ಲಿ ಬೆವರು, ಕಣ್ಣಂಚಿನಲ್ಲಿ ತುಂಟತನ. "ಬಸ್ ಓಡ್ತಾ ಇದೆ. ಡ್ರೈವರ್ ಹತ್ರ ಮಾತಾಡ್ಬಾರ್ದು."

ಜಗಳಕ್ಕೆಂದು ಹೋದವನು ಬಿಸಿನೀರಿನ ಬಕೆಟ್ ಹೊತ್ತುಕೊಟ್ಟು ಬಂದೆ.

ಮರುದಿನ ನಾಲ್ಕೂವರೆಗೆ ಮತ್ತೆ ಹೋದೆ. ಅದರ ಮರುದಿನವೂ, ಆಮೇಲೆ ದಿನವೂ. ನನ್ನ ತಲೆಗೆ ಹುಳ ಹೊಕ್ಕಿತ್ತು. ಆಚೆ ಮಂಚದ ಉಬ್ಬಸದ ಟೈಲರಮ್ಮನ ಮುಖಕ್ಕೆ ಪುಟ್ಟ ಫ್ಯಾನ್ ಯಾಕೆ? ತುಟಿ ಮೊನಚು ಮಾಡಿ ಉಸಿರು ಬಿಡಿಸುವುದು ಯಾಕೆ? ದಿಂಬು ಹೀಗೇ ಯಾಕೆ? ಅವಳು ಉತ್ತರಿಸುತ್ತಿದ್ದಳು, ನಾನು ಇನ್ನೊಂದು ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಉತ್ತರ ಹೇಳುವಾಗ ಅವಳು ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಳ್ಳುವುದನ್ನು ನೋಡಲು ಕೆಲವು ಪ್ರಶ್ನೆಗಳನ್ನು ಹುಟ್ಟಿಸಿಕೊಂಡೆ.

"ಮಾತ್ರೆಯವರೇ, ನಿಮ್ಗೇನು ಕಾಯಿಲೆ?" ಎಂದರು ಡ್ರೈವರ್. "ನನ್ ಬಸ್ಸಿಗಿಂತ ಟೈಮಿಗೆ ಸರಿಯಾಗಿ ಬರ್ತೀರ."

ಅವಳು ಟವೆಲ್ ಹಿಂಡುವ ನೆಪದಲ್ಲಿ ಆಚೆ ತಿರುಗಿದಳು. ಭುಜ ಮಾತ್ರ ನಗುತ್ತಿತ್ತು.

ಆ ಖುಷಿ ನನ್ನ ತಲೆಗೇರಿತು. ನನ್ನ ಅಮ್ಮನಿಗೂ ಮೊಣಕಾಲು ನೋವು, ವರ್ಷಗಳಿಂದ ದಿನವೂ ಮಾತ್ರೆ. ಒಂದು ಶನಿವಾರ ಆ ಮಾತ್ರೆಗಳನ್ನು ಬೀರುವಿನಲ್ಲಿ ಬಚ್ಚಿಟ್ಟು, "ಸ್ಟಾಕ್ ಇಲ್ಲಮ್ಮ" ಎಂದುಬಿಟ್ಟೆ. ಬಿಸಿ ಟವೆಲ್ ಹಾಕಿದೆ, ಹಾಡು ಹಾಕಿದೆ. "ಹೇಗಿದೆ?" ಎಂದರೆ "ಹಾಯಾಗಿದೆ ಮಗಾ" ಎಂದಳು.

ಸೋಮವಾರ ವಾರ್ಡಿನಲ್ಲಿ ನರ್ಸ್ ಎದುರು ಜಂಬ ಕೊಚ್ಚಿಕೊಂಡೆ.

ಅವಳ ಮುಖದಿಂದ ನಗು ಮಾಯವಾಯಿತು. "ದಿನಾ ತಗೊಳ್ಳೋ ಮಾತ್ರೆ ನಿಲ್ಲಿಸಿದ್ರಾ? ಡಾಕ್ಟರನ್ನ ಕೇಳಿದ್ರಾ? ಅಮ್ಮನನ್ನ ಕೇಳಿದ್ರಾ?"

"ನೀವು ಮಾಡೋದನ್ನೇ..."

"ನಾನು ಯಾರ ಕೈಯಿಂದಲೂ ಮಾತ್ರೆ ಕಿತ್ಕೊಂಡಿಲ್ಲ. ಎರಡು ದಿನ ನಿಮ್ಮಮ್ಮ ನೋವು ನುಂಗಿದಾರೆ. ನಿಮಗೆ ಬೇಜಾರಾಗಬಾರ್ದು ಅಂತ." ಟವೆಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಾಳೆಯಿಂದ ಬರಬೇಡಿ."

ಮನೆಗೆ ಓಡಿದೆ. ಅಮ್ಮ ಗೋಡೆ ಹಿಡಿದು ನಡೆಯುತ್ತಿದ್ದಳು. ಮಾತ್ರೆ ಕೊಟ್ಟೆ, ಡಾಕ್ಟರಿಗೆ ಫೋನ್ ಮಾಡಿ ಬೈಸಿಕೊಂಡೆ. ಅಮ್ಮನ ಎರಡು ದಿನ ನನ್ನಿಂದ ಹಾಳಾಗಿದ್ದವು. ಇನ್ನು ಆ ನರ್ಸ್ ನನ್ನ ಮುಖ ನೋಡುತ್ತಾಳೋ ಇಲ್ಲವೋ ತಿಳಿಯದು. ಮರುದಿನ ಒಂದು ಚೀಟಿ ಬರೆದು ಮೇಲಿನ ವಾರ್ಡಿಗೆ ಕಳಿಸಿದೆ: 'ತಪ್ಪು ನನ್ನದು. ನನಗಾಗಿ ಬೇಡ, ಅಮ್ಮನಿಗಾಗಿ ಒಮ್ಮೆ ಬನ್ನಿ.'

ಭಾನುವಾರ ಸಂಜೆ ಬಂದಳು. ನನ್ನನ್ನು ನೋಡದೆ ಒಳಗೆ ಹೋಗಿ, ಅಮ್ಮನ ಪಕ್ಕ ಕುಳಿತಳು.

"ದಿನದಲ್ಲಿ ಯಾವ ಹೊತ್ತು ತುಂಬಾ ಕಷ್ಟ ಆಗುತ್ತಮ್ಮ?"

"ಬೆಳಿಗ್ಗೆ. ಇವನ ಡಬ್ಬಿ ಕಟ್ಟೋಕೆ ನಿಂತ್ಕೋತೀನಲ್ಲ, ಆಗ."

"ಯಾರಿಗೂ ಹೇಳಿಲ್ವಾ?"

"ಯಾರೂ ಕೇಳಿಲ್ಲಮ್ಮ," ಎಂದಳು ಅಮ್ಮ, ಯಾವ ದೂರೂ ಇಲ್ಲದ ದನಿಯಲ್ಲಿ.

ನಾನು ಬಾಗಿಲಿಗೊರಗಿ ನಿಂತು ಅತ್ತೆ. ಅವಳು ನೋಡಿದಳು, ನೋಡದವಳಂತೆ ಅಡುಗೆಮನೆಯ ಕಟ್ಟೆಯ ಪಕ್ಕ ಒಂದು ಎತ್ತರದ ಸ್ಟೂಲ್ ಇಡಿಸಿದಳು. ಮಾತ್ರೆ ಹಾಗೇ ಇರಲಿ, ಬೆಳಿಗ್ಗೆ ಏಳುವ ಮುನ್ನ ಹತ್ತು ನಿಮಿಷ ಬಿಸಿ ಟವೆಲ್, ಆಮೇಲೆ ಮೊದಲ ಹೆಜ್ಜೆ. ಡಬ್ಬಿಯನ್ನು ಇನ್ನು ಮುಂದೆ ನಾನೇ ಕಟ್ಟಿಕೊಳ್ಳಬೇಕು ಎಂದಳು.

ಬೀಳ್ಕೊಡಲು ಗೇಟಿನವರೆಗೆ ಹೋದೆ. ಎರಡು ತಿಂಗಳಲ್ಲಿ ಇವಳಿಗೆ ನೂರು ಪ್ರಶ್ನೆ ಕೇಳಿದ್ದೆ. ಒಂದೂ ಇವಳ ಬಗ್ಗೆ ಇರಲಿಲ್ಲ.

"ನಿಮಗೆ? ನಿಮಗೆ ಯಾವ ಹೊತ್ತು ಕಷ್ಟ?" ಎಂದೆ.

ಅವಳು ಬ್ಯಾಗಿನ ಜಿಪ್ ಎಳೆದಳು, ಮತ್ತೆ ಬಿಚ್ಚಿದಳು.

"ನಾಲ್ಕೂವರೆಗೆ," ಎಂದಳು ಕೊನೆಗೆ. "ಈ ವಾರ ಪೂರ್ತಿ. ಮೆಟ್ಟಿಲ ಕಡೆ ನೋಡಬಾರದು ಅನ್ಕೊಂಡೇ ನೋಡ್ತಿದ್ದೆ."

ನಾನು ಅವಳ ಕೈ ಹಿಡಿದೆ. ದಿನವಿಡೀ ಬಿಸಿನೀರಿನಲ್ಲಿ ಆಡುವ ಆ ಕೈ ತಣ್ಣಗಿತ್ತು.

"ಯಾಕೆ?" ಎಂದೆ.

"ಇದಕ್ಕೂ ಯಾಕೆ ಅಂತ ಕೇಳ್ತೀರಾ?" ಎಂದು ನಕ್ಕಳು, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.