ಟಿಕೋಟಾಕ್ಕೆ ಒಯ್ದ ಸುದ್ದಿ

"ಫೈಲು ಸಿಕ್ಕಿಲ್ರಿ," ಎಂದಳು ಯಶೋಧರಾ, ಸ್ಕ್ಯಾನರಿನಿಂದ ತಲೆ ಎತ್ತದೆ.

ಫೈಲು ಅವಳ ಮೇಜಿನ ಕೆಳಗಿನ ಖಾನೆಯಲ್ಲೇ ಇತ್ತು. ಸುಳ್ಳು ಹೇಳುವವರ ಮುಖ ಕೆಂಪೇರುತ್ತದೆ ಎನ್ನುತ್ತಾರೆ. ಅವಳ ಮುಖ ಅಂಥ ಗೊಡವೆಗಳನ್ನೆಲ್ಲ ಬಿಟ್ಟು ಎರಡು ವರ್ಷವಾಗಿತ್ತು.

"ಹೋದ ಮಂಗಳವಾರನೂ ಇದನ್ನ ಅಂದ್ರಿ," ಎಂದ ಮೇಜಿನಾಚೆ ನಿಂತವನು. "ಅದರ ಹಿಂದಿನ ಮಂಗಳವಾರನೂ."

"ಮುಂದಿನ ಮಂಗಳವಾರ ಬರ್ರಿ. ಬ್ಯಾರೆ ಮಾತು ಹುಡುಕಿ ಇಟ್ಟಿರ್ತೀನಿ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತದೆ ಎಂಬುದನ್ನು ಯಶೋಧರಾ ನೋಡಿದಳು. ನೋಡಿದ್ದೇನೋ ನಿಜ, ಅದರಿಂದ ಏನೂ ಅನ್ನಿಸಲಿಲ್ಲ.

ವಿಜಯಪುರದ ಆ ಹಳೆಯ ರೆಕಾರ್ಡ್ ರೂಮಿನಲ್ಲಿ ಅವಳದು ಗುತ್ತಿಗೆ ಕೆಲಸ. ಕೆಂಪು ಬಟ್ಟೆಯ ಗಂಟು ಬಿಚ್ಚುವುದು, ಧೂಳು ಒರೆಸುವುದು, ಹಾಳೆ ಸ್ಕ್ಯಾನ್ ಮಾಡುವುದು, ಮತ್ತೆ ಗಂಟು ಕಟ್ಟುವುದು. ಅವನು ನಂದಕಿಶೋರ, ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನು, ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಮನೆ. ಅವನು ಕೇಳಿದ್ದು 1941ರ ಬಬಲೇಶ್ವರದ ಅನಂತರಾವ ಖೂನಿ ಪ್ರಕರಣದ ಫೈಲು. ಅರ್ಜಿಯಲ್ಲಿ ತನ್ನನ್ನು ಮೃತನ ತಮ್ಮ ಗುಂಡೇರಾವನ ಮರಿಮಗ ಎಂದು ಬರೆದುಕೊಂಡಿದ್ದ. ಮನೆತನದ ಇತಿಹಾಸ ಬರೆಯುತ್ತಾನಂತೆ.

ಆ ಖೂನಿಗೆ ಶಿಕ್ಷೆಯಾದವನು ಭಾಗಪ್ಪ, ಅದೇ ಅಣ್ಣತಮ್ಮಂದಿರ ವಾಡೆಯ ಬಾಗಿಲು ಕಾಯುತ್ತಿದ್ದ ಊರ ಚಾಕರಿಯವನು. ಜೈಲಿನಲ್ಲೇ ಸತ್ತ. ಅವನ ಒಂದು ವರ್ಷದ ಮಗಳನ್ನು ಎತ್ತಿಕೊಂಡು ಹೆಂಡತಿ ತವರೂರು ನಿಡೋಣಿ ಸೇರಿದಳು. ಆ ಮಗಳೇ ಪರಸವ್ವ. ಈಗ ಎಂಬತ್ತೈದರ ಮುದುಕಿ, ಯಶೋಧರಾಳ ಅಜ್ಜಿ. ಯಶೋಧರಾ ಅವಳನ್ನು ಆಯಿ ಎನ್ನುತ್ತಾಳೆ.

ಎರಡು ವರ್ಷದ ಹಿಂದೆ ಯಶೋಧರಾಳಿಗೆ ಗಂಡು ಗೊತ್ತಾಗಿ ಸೀರೆಯೂ ಬಂದಿತ್ತು. ಅದು ಖೂನಿ ಮಾಡಿದವರ ಮನಿ ಎಂದು ಯಾರೋ ಗಂಡಿನವರ ಕಿವಿಯಲ್ಲಿ ಊದಿದರು. ಅವರು ಫೋನಿನಲ್ಲೇ ಬೇಡವೆಂದರು. ಅವಳು ಅಳಲಿಲ್ಲ. ಒಂದೇ ಕಡೆ ಕುಳಿತ ಕಾಲು ಜೋಮು ಹಿಡಿಯುವ ಹಾಗೆ ಅವಳ ಎದೆಗೆ ಜೋಮು ಹಿಡಿಯಿತು. ಆಯಿ ಅವತ್ತು ಒಂದೇ ಮಾತು ಹೇಳಿದ್ದಳು.

"ನಮ್ಮಪ್ಪ ಕೊಂದಾನೋ ಇಲ್ಲೋ, ನನಗ ತಿಳೀಬೇಕವ್ವಾ. ಕಾಗದಾ ಬ್ಯಾಡ. ಆ ಮನಿಯವರ ಬಾಯಿಂದ ಬರಬೇಕು. ಅಲ್ಲೀತನಕ ನಾ ಸಾಯಂಗಿಲ್ಲ."

ನಾಲ್ಕನೆಯ ಮಂಗಳವಾರ ನಂದಕಿಶೋರ ಎರಡು ಕಪ್ ಚಹಾ ಹಿಡಿದು ಬಂದ. ನಿವೃತ್ತಿಯ ಹೊಸ್ತಿಲಲ್ಲಿದ್ದ ರೆಕಾರ್ಡ್ ಕೀಪರ್ ಲಾಡಲೇಸಾಬ ಕನ್ನಡಕದ ಮೇಲಿಂದ ನೋಡಿದ. "ನನಗ ಇಲ್ಲೇನ್ರಿ ಸರ? ಫೈಲು ಹುಡುಕಾಕಿ ಆಕಿ ಒಬ್ಬಾಕಿನ ಏನು?" ನಂದಕಿಶೋರ ತನ್ನ ಕಪ್ಪನ್ನೇ ಅವನಿಗೆ ಕೊಟ್ಟು ಬರಿಗೈಲಿ ನಿಂತ.

ಯಶೋಧರಾ ಚಹಾ ಕುಡಿದಳು. ಬಿಸಿ ಗೊತ್ತಾಯಿತು, ರುಚಿ ಗೊತ್ತಾಗಲಿಲ್ಲ.

"ಯಾಕ ಬೇಕ್ರಿ ನಿಮಗ ಈ ಫೈಲು?"

"ನಮ್ಮ ಪಡಸಾಲ್ಯಾಗ ಅನಂತರಾಯರ ಫೋಟೋ ಅದ. ದಿನಾ ಹಾರ ಹಾಕ್ತೀವಿ. ಸಣ್ಣಾಂವ ಇದ್ದಾಗ ಕೇಳಿದೆ, ಇವರನ್ನ ಯಾರು ಕೊಂದ್ರು ಅಂತ. ಒಬ್ಬ ಆಳು ಅಂದ್ರು. ಆಂವನ ಹೆಸರೇನು ಅಂದೆ. ಮನ್ಯಾಗ ಒಬ್ಬರಿಗೂ ಗೊತ್ತಿರಲಿಲ್ಲ." ಅವನು ಕೈ ನೋಡಿಕೊಂಡ. "ಆ ಹೆಸರು ಹುಡುಕಾಕತ್ತೇನಿ, ಅಷ್ಟ."

ಅವಳು ಖಾನೆ ಎಳೆದು ಗಂಟನ್ನು ಅವನ ಮುಂದಿಟ್ಟಳು.

"ಭಾಗಪ್ಪ," ಎಂದಳು. "ನಮ್ಮ ಆಯಿಯ ಅಪ್ಪ."

ಅವನು ಅಯ್ಯೋ ಎನ್ನಲಿಲ್ಲ, ಕ್ಷಮಿಸಿ ಎನ್ನಲಿಲ್ಲ. ಕುರ್ಚಿ ಎಳೆದುಕೊಂಡು ಗಂಟಿನ ಎದುರು ಕುಳಿತ. "ಇಬ್ಬರೂ ಕೂಡೇ ಓದೂಣೇನ್ರಿ?"

ಹಾಗೆ ಓದಿದರು. ಮಂಗಳವಾರಕ್ಕೆ ಬುಧವಾರವೂ ಸೇರಿತು, ಶನಿವಾರವೂ ಸೇರಿತು. ಓದುತ್ತ ಓದುತ್ತ ನಿಡೋಣಿಯ ಆಯಿ ಹೇಳಿದ್ದ ಮಾತನ್ನೂ ಅವಳು ಅವನಿಗೆ ಹೇಳಿದಳು. ಹಾಳೆ ತಿರುವಿದಾಗಲೆಲ್ಲ ಅವನಿಗೆ ಸೀನು. ಒಮ್ಮೆ ಅವಳು ಅವನ ಕಡೆ ನೋಡದೆಯೇ ತನ್ನ ಕರ್ಚೀಫನ್ನು ಮೇಜಿನ ಮೇಲೆ ಸರಿಸಿದಳು. ಅವನು ಅದನ್ನು ತಿರುಗಿ ಕೊಡಲಿಲ್ಲ. ಅವಳು ಕೇಳಲಿಲ್ಲ. ಲಾಡಲೇಸಾಬ ಮಾತ್ರ ಸುಮ್ಮಸುಮ್ಮನೆ ಕೆಮ್ಮಿದ.

ಫೈಲಿನಲ್ಲಿದ್ದದ್ದು ಇಷ್ಟು. ಅನಂತರಾವ ಸತ್ತದ್ದು ದೀಪ ಹಚ್ಚುವ ಹೊತ್ತಿಗೆ, ಹೊಲದ ಬಾವಿಯ ಹತ್ತಿರ. ಅಲ್ಲಿ ಭಾಗಪ್ಪನನ್ನು ಕಂಡೆವೆಂದು ವಾಡೆಯ ಇಬ್ಬರು ಆಳುಗಳು ಸಾಕ್ಷಿ ಹೇಳಿದ್ದರು. ಭಾಗಪ್ಪನ ಹೇಳಿಕೆ ಅರ್ಧ ಪುಟವೂ ಇರಲಿಲ್ಲ. "ನಾನು ಊರಲ್ಲಿರಲಿಲ್ಲ. ಅಣ್ಣ ತೀರಿಕೊಂಡ, ಟಿಕೋಟಾದ ಬೀಗರಿಗೆ ಸುದ್ದಿ ಮುಟ್ಟಿಸು ಎಂದು ಧಣಿ ಗುಂಡೇರಾಯರು ಬೆಳಗ್ಗೆಯೇ ಕಳಿಸಿದರು. ನಡೆದು ಹೋದೆ."

ಸಾವಿನ ಸುದ್ದಿ ಒಯ್ಯುವುದು ಆ ಕಾಲಕ್ಕೆ ಭಾಗಪ್ಪನ ಕೇರಿಯವರ ಪಾಲಿಗೆ ಬಂದ ಚಾಕರಿ. ನಡೆದುಕೊಂಡೇ ಹೋಗಬೇಕು. ಅಂಗಳದ ಕೆಳಗೆ ನಿಂತು ಸತ್ತವರ ಹೆಸರು ಹೇಳಬೇಕು. ಮನೆಯವರು ಮೇಲಿನಿಂದ ಉಡಿಗೆ ಒಂದಿಷ್ಟು ಜೋಳ ಸುರಿಯುತ್ತಾರೆ, ಬೊಗಸೆಗೆ ಎತ್ತರದಿಂದ ನೀರು ಹೊಯ್ಯುತ್ತಾರೆ. ಯಾವಾಗ ಸತ್ತರು, ಹೆಣ ಎಲ್ಲಿದೆ ಎಂದು ಕಳಿಸಿದವರನ್ನು ತಿರುಗಿ ಕೇಳುವ ಹಾಗಿರಲಿಲ್ಲ. ಊರಿನ ಸಾವುಗಳನ್ನೆಲ್ಲ ಹೊತ್ತ ಭಾಗಪ್ಪ ಜೈಲಿನಲ್ಲಿ ಸತ್ತಾಗ ಮಾತ್ರ ನಿಡೋಣಿಗೆ ಸುದ್ದಿ ತಂದವರು ಯಾರೂ ಇಲ್ಲ. ತಿಂಗಳುಗಳ ಮೇಲೆ ಸಂತೆಯಲ್ಲಿ ಯಾರದೋ ಬಾಯಿಂದ ಹೆಂಡತಿಗೆ ತಿಳಿಯಿತು.

ನ್ಯಾಯಾಧೀಶ ಬರೆದಿದ್ದ: "ಸಂಜೆ ಸತ್ತವನ ಸಾವಿನ ಸುದ್ದಿಯನ್ನು ಬೆಳಗ್ಗೆ ಒಯ್ದೆನೆಂದು ಆರೋಪಿ ಹೇಳುತ್ತಾನೆ. ಈ ಹುಚ್ಚು ಮಾತನ್ನು ನಂಬಲಾಗದು."

"ಸುಳ್ಳು ಹೇಳಾಂವ ಇದಕ್ಕಿಂತ ಚಲೋ ಸುಳ್ಳು ಹೇಳ್ತಿದ್ದ," ಎಂದ ನಂದಕಿಶೋರ ಮೆಲ್ಲಗೆ.

ಆ ಮಾತಿನ ಬೆನ್ನು ಹಿಡಿದು ಯಶೋಧರಾ ಟಿಕೋಟಾದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಎಂಟನೆಯ ದಿನ ಆ ಊರಿನ ಪೊಲೀಸ್ ಪಾಟೀಲನ ದಿನಚರಿ ಸಿಕ್ಕಿತು. ಅದು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿತ್ತು. ಆ ಕಚೇರಿಯಲ್ಲಿ ಅದನ್ನು ಓದಬಲ್ಲವನು ಲಾಡಲೇಸಾಬ ಒಬ್ಬನೇ. ಅವನು ಬೆರಳಿಟ್ಟು ಒಂದೊಂದೇ ಮಾತು ಓದಿ ಕನ್ನಡದಲ್ಲಿ ಹೇಳಿದ.

"ತಾರೀಖು ಖೂನಿ ಆದ ದಿನದ್ದ ಐತಿ. 'ಮಧ್ಯಾಹ್ನ ಬಬಲೇಶ್ವರದ ಭಾಗಪ್ಪ ಬಂದ. ಗುಂಡೇರಾವ ಕಳಿಸ್ಯಾನ. ಅನಂತರಾವ ತೀರಿಕೊಂಡ ಸುದ್ದಿ ಹೇಳಿದ. ಕಾಲು ಬಾತಿದ್ದಕ್ಕ ರಾತ್ರಿ ಇಲ್ಲೇ ಚಾವಡಿಯೊಳಗ ಮಲಗಿದ.'" ಅವನು ಕನ್ನಡಕ ತೆಗೆದ. "ಮನಷ್ಯಾ ಜೀವಂತ ಇದ್ದಾಗನ ಸುದ್ದಿ ಹೋಗೇತಿ ಸರ. ಕಳಿಸಿದಾಂವಗ ಮೊದಲ ಗೊತ್ತಿತ್ತು."

ಇನ್ನು ಬಿಡಿಸಿ ಹೇಳುವುದೇನೂ ಉಳಿಯಲಿಲ್ಲ. ಅಣ್ಣನನ್ನು ಬೆಳಗ್ಗೆಯೇ ಮುಗಿಸಬೇಕೆಂದು ಗುಂಡೇರಾವ ಕಾವಲಿನವನನ್ನು ಸುದ್ದಿಯ ನೆಪದಲ್ಲಿ ದೂರ ಅಟ್ಟಿದ್ದ. ಆದರೆ ಅನಂತರಾವ ಅವತ್ತು ಹೊಲಕ್ಕೆ ಹೋದದ್ದು ಸಂಜೆಗೆ, ಹಾಗಾಗಿ ಸಾವಿಗಿಂತ ಸುದ್ದಿಯೇ ಮೊದಲು ಮುಟ್ಟಿತು. ಟಿಕೋಟಾದ ಬೀಗರು, ಬಾಯಿ ಬಿಟ್ಟರೆ ಮಾನಗೇಡು ಎಂದು ಸುಮ್ಮನಾದರು. ಪಾಟೀಲನ ದಿನಚರಿಯನ್ನು ಕೋರ್ಟು ತರಿಸಲೇ ಇಲ್ಲ.

ಯಶೋಧರಾಳಿಗೆ ಸಂತೋಷವಾಗಬೇಕಿತ್ತು. ಅವಳು ಕಾದಳು, ಆಗಲಿಲ್ಲ. ನಂದಕಿಶೋರ ಎದ್ದು ಹೊರಟುಹೋದ. ಅವನ ಹೆಲ್ಮೆಟ್ ಮೇಜಿನ ಮೇಲೇ ಉಳಿಯಿತು.

ಒಂದು ಮಂಗಳವಾರ ಹೋಯಿತು, ಇನ್ನೊಂದೂ ಹೋಯಿತು. ಅವಳು ದಿನಾ ಬೆಳಗ್ಗೆ ಹೆಲ್ಮೆಟ್ಟಿನ ಧೂಳು ಒರೆಸಿ ಅಲ್ಲೇ ಇಡುತ್ತಿದ್ದಳು.

"ಅದನ್ನೂ ಸ್ಕ್ಯಾನ್ ಮಾಡ್ತೀಯೇನು ಯವ್ವಾ?" ಎಂದ ಲಾಡಲೇಸಾಬ. ಆಮೇಲೆ ದನಿ ತಗ್ಗಿಸಿ, "ದಿನಚರಿದು ಒಂದು ಕಾಪಿ ಒಯ್ದು ಆಯಿಗೆ ಓದಿ ಹೇಳು," ಎಂದ.

"ಆಕಿ ಕಾಗದಾ ಬ್ಯಾಡ ಅಂದಾಳ್ರಿ ಕಾಕಾ."

ನಂದಕಿಶೋರ ಬರಲಾರ ಎಂದು ಅವಳಿಗೆ ಗೊತ್ತಿತ್ತು. ತನ್ನ ಮನೆಯ ಗೋಡೆಗೆ ತಾನೇ ಮಸಿ ಬಳಿಯಲು ಯಾರು ಬರುತ್ತಾರೆ? ಹೀಗೆ ತನಗೆ ತಾನೇ ಹೇಳಿಕೊಂಡು ಹೆಲ್ಮೆಟ್ ಒರೆಸಿದಳು.

ಭಾನುವಾರ ನಿಡೋಣಿಯಲ್ಲಿ ಅವಳು ಆಯಿಯ ತಲೆ ಬಾಚುತ್ತಿದ್ದಾಗ ಅಂಗಳದ ಕೆಳಗೆ ಯಾರೋ ಬಂದು ನಿಂತರು. ಮೊಳಕಾಲವರೆಗೆ ಧೂಳು. ಎಡಗಣ್ಣು ಕಿರಿದಾಗಿತ್ತು, ಆದರೆ ನಗು ಇರಲಿಲ್ಲ, ಬಿಸಿಲಿಗೆ ಹಾಗಾಗಿತ್ತು.

"ಬಸ್ ಇದ್ದುವಲ್ರಿ," ಎಂದಳು ಯಶೋಧರಾ.

"ಗೊತ್ತದ. ಬಬಲೇಶ್ವರದಿಂದ ನಡಕೋತ ಬಂದೆ." ಅವನು ಮೇಲೆ ಬರಲಿಲ್ಲ. ಅಲ್ಲಿಂದಲೇ ಆಯಿಯ ಕಡೆ ನೋಡಿದ. "ಆಯಿ, ನಾ ಗುಂಡೇರಾವನ ಮರಿಮಗ. ಸುದ್ದಿ ತಂದೀನ್ರಿ. ನಿಮ್ಮಪ್ಪ ಭಾಗಪ್ಪ ಜೈಲಿನ್ಯಾಗ ತೀರಿಕೊಂಡಾರ. ಅವರು ಕೊಲ್ಲಲಿಲ್ಲ. ಕೊಲ್ಲಿಸಿದಾಂವ ನಮ್ಮ ಮುತ್ತಜ್ಜ. ನಿಮ್ಮಪ್ಪ ಹೇಳಿದ್ದೆಲ್ಲಾ ಖರೇ ಇತ್ತು."

ಆಯಿ ತಲೆಯಲ್ಲಿದ್ದ ಬಾಚಣಿಕೆಯನ್ನು ತೆಗೆದು ಕೆಳಗಿಟ್ಟಳು. ಎದ್ದು ಒಳಗೆ ಹೋದಳು.

"ನಿಮ್ಮ ಮನ್ಯಾಗ ಹೇಳೀರೇನು?" ಎಂದಳು ಯಶೋಧರಾ.

"ಹದಿನೈದು ದಿನಾ ಅದರಾಗ ಹೋತು. ತುಂಗಾಬಾಯಿ ಅತ್ಯಾ ನನ್ನ ಜೋಡಿ ಮಾತು ಬಿಟ್ಟಾಳ. ಮನಿತನದ ಇತಿಹಾಸ ಬರದ್ರ ಹಿಂಗ ಬರೀತೇನಿ ಅಂತ ಹೇಳಿ ಬಂದೀನಿ."

ಆಯಿ ಮೊರದಲ್ಲಿ ಜೋಳ ಹಿಡಿದು ಹೊರಗೆ ಬಂದಳು. ಅವನಿಗೆ ಆ ಪದ್ಧತಿ ಗೊತ್ತಿತ್ತು. ಕಿಸೆಯಿಂದ ಕರ್ಚೀಫ್ ತೆಗೆದು ಎರಡೂ ಕೈಯಲ್ಲಿ ಹಾಸಿ ಹಿಡಿದ. ಅದು ಯಶೋಧರಾಳದು, ಒಗೆದು ಮಡಿಚಿ ಇಟ್ಟುಕೊಂಡಿದ್ದ.

ಸುರಿಯಲು ಎತ್ತಿದ ಮೊರ ನಡುವೆಯೇ ನಿಂತಿತು. ಆಯಿ ಒಂದೊಂದೇ ಮೆಟ್ಟಿಲು ಇಳಿದು ಅವನ ಎದುರು ನಿಂತು, ಮೊರವನ್ನು ಅವನ ಕೈಗೇ ಇಟ್ಟಳು.

"ಸುದ್ದಿ ತಂದಾಂವನ್ನ ಹೊರಗ ನಿಲ್ಲಸೂ ಮನಿ ಅಲ್ಲ ಇದು. ಒಳಗ ಬಾ ಯಪ್ಪಾ."

ಹಾಗೆಂದು ತಾನು ಒಳಗೆ ಹೋಗಿ, ಗೋಡೆಗೆ ಒರಗಿ ಕುಳಿತು, ಅಪ್ಪನ ಹೆಸರು ಹಿಡಿದು ಅಳತೊಡಗಿದಳು. ಎಂಬತ್ತು ವರ್ಷದ ಹಿಂದೆ ಅಳಬೇಕಾಗಿದ್ದ ಅಳು.

ಯಶೋಧರಾ ತಂಬಿಗೆ ತಂದಳು. ಹತ್ತಿರ ನಿಂತು ಅವನ ಕೈಗೆ ನೀರು ಹಾಕಿದಳು. ತಂಬಿಗೆ ಹೆಚ್ಚು ಬಾಗಿ ಅರ್ಧ ನೀರು ಅವಳ ಪಾದಕ್ಕೇ ಬಿತ್ತು. ತಣ್ಣಗಿತ್ತು. ತಣ್ಣಗಿದೆ ಎಂದು ಗೊತ್ತಾದದ್ದೇ ಅವಳ ಕಣ್ಣು ತುಂಬಿ ಬಂತು.

"ಹೆಲ್ಮೆಟ್ ಬಿಟ್ಟು ಬಂದೀರಿ," ಎಂದಳು. "ದಿನಾ ಒರಸೀನಿ."

"ಯಾಕ?"

"ನೀವು ಬರ್ಲಿ ಅಂತ."

ಅವನು ಒದ್ದೆ ಕೈಯಲ್ಲೇ ಅವಳ ಬೆರಳು ಹಿಡಿದ. ಒಳಗೆ ಆಯಿಯ ಅಳು ಏರಿತು. "ನನ್ನ ಕಡೆ ಇನ್ನೊಂದು ಸುದ್ದಿ ಅದ," ಎಂದ ಅವನು ಮೆಲ್ಲಗೆ. "ಇವತ್ತ ಹೇಳಂಗಿಲ್ಲ. ಇವತ್ತಿನ ದಿನಾ ಆಯೀದು."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮಂಗಳವಾರ ಬರ್ರಿ," ಎಂದಳು. "ಈ ಸಲ ಇಲ್ಲ ಅನ್ನಂಗಿಲ್ಲ."