ನಲವತ್ತೊಂದನೇ ಕಿಲೋಮೀಟರಿನ ಕೆಂಪು ಗೆರೆ

ಹನ್ನೊಂದನೇ ದಿನವೂ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ನಲವತ್ತೊಂದನೇ ಕಿಲೋಮೀಟರು ಕೆಂಪಾಯಿತು. ನನಗೆ ತಲೆಬುಡ ಒಂದೂ ಅರ್ಥವಾಗಲಿಲ್ಲ.

ನಮ್ಮ ಕಂಟ್ರೋಲ್ ರೂಮಿನ ಗೋಡೆ ತುಂಬ ಹೆದ್ದಾರಿಯ ನಕ್ಷೆ. ರಸ್ತೆಯಲ್ಲಿ ಓಡುವ ಕೆಲವು ಗಾಡಿಗಳೊಳಗಿನ ಜಿಪಿಎಸ್ ಪೆಟ್ಟಿಗೆಗಳು ತಾವೆಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಅಂತ ನಿಮಿಷಕ್ಕೊಮ್ಮೆ ಹೇಳುತ್ತಿರುತ್ತವೆ. ಯಾರ ಗಾಡಿ ಅಂತ ಪರದೆ ತೋರಿಸುವುದಿಲ್ಲ, ವೇಗ ಮಾತ್ರ. ಸರಾಗವಾಗಿದ್ದರೆ ಗೆರೆ ಹಸಿರು, ಯಾವ ಗಾಡಿಯಿಂದಲೂ ಮಾಹಿತಿ ಬರದಿದ್ದರೂ ಹಸಿರೇ, ತೆವಳುತ್ತಿದ್ದರೆ ಕೆಂಪು. ಕೆಂಪಾದ ಕೂಡಲೇ ಗಸ್ತು ಗಾಡಿಗೆ ಫೋನ್ ಮಾಡಿ ವಿಚಾರಿಸುವುದು, ಹಿಂದೆ ಬರುವವರಿಗೆ ಬೋರ್ಡಿನಲ್ಲಿ ಎಚ್ಚರಿಕೆ ಹಾಕುವುದು ನನ್ನ ಕೆಲಸ.

ಆ ಭಾಗದಲ್ಲಿ ಗಸ್ತು ತಿರುಗುವವರು ಮೂರನೇ ಗಾಡಿಯವರು. ಫೋನ್ ಮಾಡಿದೆ.

"ಏನೂ ಇಲ್ಲ ಮೇಡಂ. ನಾನಿಲ್ಲೇ ಇದೀನಿ. ರಸ್ತೆ ಖಾಲಿ ಹೊಡೀತಿದೆ."

ನಾನು ಕೇಳಿದಾಗಲೆಲ್ಲ ಅವರು ಅಲ್ಲೇ ಇರುತ್ತಿದ್ದರು. ಎಷ್ಟು ಚುರುಕಿನ ಮನುಷ್ಯ ಅಂತ ಮೆಚ್ಚಿಕೊಂಡಿದ್ದೆ. ಎಂಥ ದಡ್ಡಿ ನಾನು.

ಮೊದಲ ದಿನ ಅಲ್ಲಿ ನಿಜವಾಗಿಯೂ ಒಂದು ಲಾರಿಯ ಟೈರು ಸಿಡಿದಿತ್ತು. ಟೈರು ಬದಲಾಯಿಸುವ ವಿಷಯಕ್ಕೆ ಡ್ರೈವರು ಮತ್ತು ಕ್ಲೀನರು ಜಗಳವಾಡಿದ್ದನ್ನು ಮೂರನೇ ಗಾಡಿಯವರು ಫೋನಿನಲ್ಲಿ ಇಬ್ಬರ ದನಿಯಲ್ಲೂ ಒಪ್ಪಿಸಿದಾಗ, ಕಂಟ್ರೋಲ್ ರೂಮೆಲ್ಲ ತಿರುಗಿ ನೋಡುವಂತೆ ನಕ್ಕುಬಿಟ್ಟೆ. ಆಮೇಲಿನ ದಿನಗಳಲ್ಲಿ ರಸ್ತೆ ಖಾಲಿ, ಗೆರೆ ಕೆಂಪು, ನಮ್ಮದು ಮಾತೋ ಮಾತು. ಊಟ ಆಯ್ತಾ, ಅಲ್ಲಿ ಮೋಡ ಇದೆಯಾ, ನಿಮ್ಮ ಕೆಮ್ಮು ಹೇಗಿದೆ. ನಲವತ್ತಮೂರರಲ್ಲಿ ರಸ್ತೆ ಎರಡು ಬಂಡೆಗಳ ನಡುವೆ ನುಗ್ಗುತ್ತದೆ, ಅಲ್ಲಿ ಸಿಗ್ನಲ್ ಸಾಯುತ್ತದೆ. ಅರ್ಧ ಮಾತು ಅವರ ಬಾಯಲ್ಲಿ, ಅರ್ಧ ನನ್ನ ಕಿವಿಯಲ್ಲಿ ಉಳಿಯುತ್ತಿತ್ತು.

ಅವರು ಮೇಡಂ ಅನ್ನುವಾಗ ಉದ್ಯೋಗದ ಮರ್ಯಾದೆಯೋ, ಇನ್ನೇನೋ ಅಂತ ಗೊತ್ತಾಗದೆ ಒದ್ದಾಡುತ್ತಿದ್ದೆ. ಕೆಂಪು ಕಂಡರೆ ಕಿರಿಕಿರಿಯಾಗಬೇಕಾದವಳು ಎರಡೂ ಮುಕ್ಕಾಲಿಗೇ ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಫೋನಿನಲ್ಲಿ ಕೂದಲು ಕಾಣುತ್ತದೆಯೇ?

ಸಾಹೇಬರಿಗೆ ಈ ತಮಾಷೆ ಹಿಡಿಸಲಿಲ್ಲ. ಶುಕ್ರವಾರದೊಳಗೆ ಕೆಂಪಿನ ಕಾರಣ ಬರೆದುಕೊಡಬೇಕು ಅಂದರು. ನನ್ನ ನೌಕರಿ ಕಾಯಂ ಆಗುವ ದಿನವೂ ಅದೇ ಶುಕ್ರವಾರ. ಕಾರಣ ಗೊತ್ತಿಲ್ಲ ಅಂತ ಬರೆಯುವವರನ್ನು ಕಾಯಂ ಮಾಡುವುದು ಹೇಗಮ್ಮ ಅಂತ ಕನ್ನಡಕದ ಮೇಲಿನಿಂದ ನೋಡಿದರು.

ಗುರುವಾರ ಮೂರನೇ ಗಾಡಿಯವರು ಹಲ್ಲು ಕೀಳಿಸಲು ರಜೆ ಹಾಕಿದರು. ಅವರ ಗಾಡಿ ಶೆಡ್ಡಿನಲ್ಲೇ ಉಳಿಯಿತು. ಮೂರು ಗಂಟೆಯಾಯಿತು, ಗೆರೆ ಹಸಿರು. ಮೂರೂಕಾಲು, ಹಸಿರು. ಕುಣಿದಾಡಬೇಕಿತ್ತು, ಅಳು ಬಂದಂತಾಯಿತು.

ಸಂಜೆ ಮನೆಯಲ್ಲಿ ಅಕ್ಕ ಬಟ್ಟೆ ಮಡಿಚುತ್ತ ನನ್ನನ್ನೇ ಗಮನಿಸುತ್ತಿದ್ದಳು. ಎಲ್ಲ ಹೇಳಿಕೊಂಡೆ.

"ಮುಖ ಊದಿಸ್ಕೊಂಡಿರೋದು ರಸ್ತೆ ಸರಿಹೋಯ್ತು ಅಂತಾನಾ, ಆ ಮನುಷ್ಯ ಬರಲಿಲ್ಲ ಅಂತಾನಾ?" ಅಂದಳು. ಆಮೇಲೆ ನನ್ನ ಕೈಗೆ ಒಂಟಿ ಕಾಲುಚೀಲ ಕೊಟ್ಟು, ಎರಡೂ ಒಂದೇ ಇರಬಹುದು, ನೋಡು ಅಂದಳು.

ರಾತ್ರಿಯಿಡೀ ಆ ಮಾತು ಕೊರೆಯಿತು. ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ, ನಾನು ಎಂದೂ ತೆರೆಯದ ಒಂದು ಕಾಲಂ ತೆರೆದೆ. ಆ ಗೆರೆಗೆ ಎಷ್ಟು ಗಾಡಿಗಳಿಂದ ಮಾಹಿತಿ ಬಂದಿದೆ ಅನ್ನುವ ಕಾಲಂ. ಕೆಂಪಾದ ಹತ್ತೂ ಖಾಲಿ ದಿನ ಅಲ್ಲಿದ್ದ ಸಂಖ್ಯೆ ಒಂದು.

ಒಂದೇ ಒಂದು ಗಾಡಿ.

ನಮ್ಮ ಗಸ್ತು ಗಾಡಿಗಳು ನಿಂತೂ ತೆವಳಿಯೂ ಹೋಗುವುದರಿಂದ ಅವುಗಳ ಮಾಹಿತಿಯನ್ನು ನಕ್ಷೆಯ ಲೆಕ್ಕದಿಂದ ಬಿಟ್ಟುಬಿಡಬೇಕು. ಬಿಡಬೇಕಾದ ಗಾಡಿಗಳ ಪಟ್ಟಿ ನೋಡಿಕೊಳ್ಳುವವಳು ನಾನೇ. ಎರಡು ವಾರದ ಹಿಂದೆ ಮೂರನೇ ಗಾಡಿಗೆ ಹೊಸ ಜಿಪಿಎಸ್ ಪೆಟ್ಟಿಗೆ ಹಾಕಿದ್ದರು. ಅದರ ನಂಬರು ಬರೆದ ಹಳದಿ ಚೀಟಿ, ಪಟ್ಟಿಗೆ ಸೇರಿಸೋಣ ಅಂತ ಅಂಟಿಸಿಕೊಂಡದ್ದು, ಇನ್ನೂ ನನ್ನ ಮಾನಿಟರಿನ ಅಂಚಿನಲ್ಲೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಹತ್ತು ಗಂಟೆಗೆ ಅವರೇ ವಾರದ ಲಾಗ್‌ಬುಕ್ ಕೊಡಲು ಬಂದರು. ಒಂದು ಕೆನ್ನೆ ಊದಿತ್ತು. ಕಾರಿಡಾರಿನ ಕಾಫಿ ಯಂತ್ರದ ಹತ್ತಿರ ತಡೆದು ನಿಲ್ಲಿಸಿದೆ.

"ದಿನಾ ಮೂರು ಗಂಟೆಗೆ ನಲವತ್ತೊಂದರಲ್ಲಿ ಯಾಕೆ ನಿಧಾನ ಮಾಡ್ತಿದ್ರಿ?"

ಅವರು ಲಾಗ್‌ಬುಕ್ಕಿನ ಮೂಲೆ ಮಡಚಿದರು, ಬಿಚ್ಚಿದರು. "ನಿಮ್ಮ ಫೋನ್ ಬರುತ್ತಲ್ಲ. ಮುಂದೆ ಹೋದ್ರೆ ಸಿಗ್ನಲ್ ಸಿಗಲ್ಲ."

"ಗೆರೆ ಕೆಂಪಾಗ್ತಿತ್ತು, ಅದಕ್ಕೆ ಮಾಡ್ತಿದ್ದೆ."

"ಖಾಲಿ ರಸ್ತೆ ಹೇಗೆ ಕೆಂಪಾಗುತ್ತೆ ಮೇಡಂ? ಅದು ನೀವು ಮಾತಾಡೋಕೆ ಹುಡುಕಿಕೊಂಡ ನೆಪ ಅಂದ್ಕೊಂಡಿದ್ದೆ."

ನನ್ನ ಕಿವಿ ಬಿಸಿಯಾಯಿತು. ಹಾಗಾದರೆ ಎರಡನೇ ದಿನ, ಫೋನ್ ಬರುವ ಮೊದಲೇ ಯಾಕೆ ನಿಧಾನಿಸಿದ್ದು ಅಂತ ಕೇಳಿದೆ. ಅವರು ತಲೆಯೆತ್ತಿ ನೋಡಿದರು, ನೋಟ ನನ್ನ ಹಣೆಗೆ ಬಂದು, ಕಣ್ಣಿಗಿಳಿದು, ಅಲ್ಲೇ ನಿಂತಿತು.

"ಹಿಂದಿನ ದಿನ ಅಲ್ಲೇ ನೀವು ನಕ್ಕಿದ್ರಿ. ಆ ಜಾಗಕ್ಕೆ ಬಂದಾಗ ಕಾಲು ತಾನಾಗೇ ಸಡಿಲವಾಯ್ತು."

ವರದಿಯ ವಿಷಯ ತಿಳಿದಾಗ, ಎಂಜಿನ್ ಬಿಸಿಯಾಗುತ್ತಿತ್ತು ಅಂತ ಬರೆದುಬಿಡಿ, ಬೈಗುಳ ನಾನು ತಿನ್ನುತ್ತೇನೆ ಅಂದರು. ಒಂದು ಗಳಿಗೆ ಆಸೆಯೂ ಆಯಿತು. ಆದರೆ ಆ ಊದಿದ ಕೆನ್ನೆ ನೋಡಿದ ಮೇಲೆ ತಪ್ಪನ್ನು ಅವರ ತಲೆಗೆ ಕಟ್ಟಲು ಮನಸ್ಸಾಗಲಿಲ್ಲ. ಪಟ್ಟಿಗೆ ಸೇರಿಸದೆ ಬಿಟ್ಟದ್ದು ನನ್ನ ತಪ್ಪು ಅಂತಲೇ ಬರೆದೆ.

ಸಾಹೇಬರು ಎರಡು ಸಲ ಓದಿದರು. ಕಾಯಂ ಮಾಡುವುದನ್ನು ಆರು ತಿಂಗಳು ಮುಂದೆ ಹಾಕಿದರು. ಅವನಿಗೆ ದಿನಾ ಅಲ್ಲಿ ಏನು ಕೆಲಸವಿತ್ತಂತೆ ಅಂತಲೂ ಕೇಳಿದರು. ವಿಚಾರಿಸುತ್ತೇನೆ ಸರ್ ಅಂದು ಹೊರಗೆ ಬಂದೆ.

ಹಳದಿ ಚೀಟಿಯ ನಂಬರನ್ನು ಪಟ್ಟಿಗೆ ಸೇರಿಸಿದೆ. ಆಮೇಲೆ ಹೊಳೆಯಿತು: ಇನ್ನು ಅವರು ಅಲ್ಲಿ ನಿಧಾನಿಸಿದರೂ ನನಗೆ ತಿಳಿಯುವುದಿಲ್ಲ. ಕೆಂಪಾಗದಿದ್ದರೆ ಫೋನ್ ಮಾಡಲು ಕಾರಣವೂ ಇಲ್ಲ.

ಮೂರು ಗಂಟೆ. ಹಸಿರು. ಮೂರೂ ಐದು. ಹಸಿರು. ಕೈ ಫೋನಿನ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಅವರು ಬಂಡೆ ದಾಟಿಬಿಟ್ಟಿದ್ದರೆ? ನಂಬರು ಒತ್ತಿದೆ.

ಒಂದೇ ರಿಂಗಿಗೆ ಎತ್ತಿದರು. "ಕೆಂಪಾಗಿದೆಯಾ ಮೇಡಂ?"

"ಇಲ್ಲ. ಹಸಿರೇ ಇದೆ."

"ಮತ್ತೆ?"

"ಏನಿಲ್ಲ. ನಿಮ್ಮ ಹತ್ರ ಮಾತಾಡಬೇಕು ಅನ್ನಿಸ್ತು. ಅದಕ್ಕೇ ಮಾಡ್ದೆ."

ಆ ಕಡೆ ಇಂಡಿಕೇಟರಿನ ಟಿಕ್ ಟಿಕ್ ಶುರುವಾಯಿತು.

"ಒಂದು ನಿಮಿಷ ಇರಿ," ಅಂದರು. "ಗಾಡಿ ಪಕ್ಕಕ್ಕೆ ನಿಲ್ಲಿಸ್ತೀನಿ."

ಬ್ರೇಕು ಎಳೆದ ಸದ್ದು ಕೇಳಿಸಿತು. ನನ್ನೆದುರು ನಲವತ್ತೊಂದನೇ ಕಿಲೋಮೀಟರು ಹಸಿರಾಗಿಯೇ ಇತ್ತು.